ತೂತಿಲ್ಲದ ಕಿವಿಯ ಇಲಿ

ಇಲಿಮರಿಗಳ ಬಾಲದ ತುದಿಯನ್ನು ಅಕ್ಕಿಕಾಳಿಗಿಂತ ಚಿಕ್ಕದಾಗಿ ಕತ್ತರಿಸಿ, ಯಾವ ಮರಿ ಸಕ್ಕರೆ ಕಾಯಿಲೆಯ ಜೀನ್ ಹೊತ್ತಿದೆ ಎಂದು ಹೇಳುವುದು ಅವಳ ಕೆಲಸ. ಅದಕ್ಕೇ ಸಂಶೋಧನಾಲಯದಲ್ಲಿ ಎಲ್ಲರಿಗೂ ಅವಳು ಬಾಲದಕ್ಕ. ಮೊದಮೊದಲು ಮುಖ ಊದಿಸಿಕೊಂಡಿದ್ದಳು. ಈಗ ಫೋನ್ ಎತ್ತಿದರೆ ತಾನೇ "ಬಾಲದಕ್ಕ, ಹೇಳಿ" ಅನ್ನುತ್ತಾಳೆ.

ತಾಯಿ, ತಂದೆ ಇಬ್ಬರಿಂದಲೂ ಆ ಜೀನ್ ಪಡೆದ ಮರಿ ಊದಿ ಉಂಡೆಯಾಗಿ ಕಾಯಿಲೆ ಬೀಳುತ್ತದೆ, ಅದಕ್ಕೆ ಮರಿಯಾಗುವುದಿಲ್ಲ. ಒಬ್ಬರಿಂದ ಮಾತ್ರ ಪಡೆದದ್ದು ಚೆನ್ನಾಗಿಯೇ ಇರುತ್ತದೆ, ವಂಶ ಮುಂದುವರಿಯುವುದು ಅದರಿಂದಲೇ. ನೋಡುವವರಿಗೆ ಅದಕ್ಕೂ ಮಾಮೂಲಿ ಇಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು.

ಸೋಂಕು ತಗುಲಿ ಆ ತಳಿಯಲ್ಲಿ ಉಳಿದದ್ದು ಮರಿ ಹುಟ್ಟಿಸುವ ವಯಸ್ಸು ದಾಟಿದ ಒಂದು ಗಂಡು, ಅದರ ನಾಲ್ಕು ಹೆಣ್ಣುಮರಿಗಳು. ಅವುಗಳಲ್ಲಿ ಒಂದಾದರೂ ಜೀನ್ ಹೊತ್ತಿರದಿದ್ದರೆ ಎಲ್ಲರ ವರ್ಷಗಳ ದುಡಿಮೆ ಮಣ್ಣುಪಾಲು.

ಮರಿಗೊಂದು ಸಾಲಿನಂತೆ ಮಾದರಿ ಓಡಿಸಿದ, ಲೋಳೆಹಾಳೆಯಂಥ ಜೆಲ್ಲನ್ನು ದೀಪದ ಗಾಜಿನ ಮೇಲಿಟ್ಟು ಚಿತ್ರ ತೆಗೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಇಲಿಮನೆ ನೋಡಿಕೊಳ್ಳುವ ಅಣ್ಣ.

"ಏನಮ್ಮಾ, ಜಾತಕ ಬಂತಾ ಇಲ್ವಾ? ಪಂಜರ ಖಾಲಿ ಮಾಡಿ ಅಂತ ಪಕ್ಕದ ಕೋಣೆಯವ್ರು ತಲೆ ತಿಂತಿದಾರೆ."

ಜೀನ್ ಹೊತ್ತದ್ದರ ಗುರುತಾದ ಜೋಡಿ ಗೆರೆ ಕಂಡದ್ದು ಎಡಗಡೆಯಿಂದ ಎರಡನೇ ಸಾಲಿನಲ್ಲಿ, ಎರಡನೇ ಮರಿಯದು. "ಬಲಗಿವಿಗೆ ಗುರುತಿನ ತೂತಿದೆಯಲ್ಲ, ಅದನ್ನ ಉಳಿಸಿ ಅಣ್ಣ. ಮಿಕ್ಕಿದ್ದು ತೆಗೀಬಹುದು."

ಫೋನಿಟ್ಟು ಚಿತ್ರದ ಮೇಲೆ ಗುರುತು ಬರೆಯುತ್ತ ಕೊನೆಯ ಸಾಲಿಗೆ ಬಂದಳು. ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲು ಅಲ್ಲಿಗೆ ಅವಳು ಬರೀ ನೀರು ಹಾಕಿದ್ದಳು, ಏನೂ ಕಾಣಬಾರದು. ಆದರೆ ಗೆರೆ ನಿಚ್ಚಳವಾಗಿತ್ತು. ಖಾಲಿ ಇದ್ದದ್ದು ಮೊದಲ ಸಾಲು.

ಸಾಲುಗಳನ್ನು ಬಲದಿಂದ ಎಣಿಸಿ ನೋಡಿದಳು. ಬಣ್ಣದ ತಟ್ಟೆಯಿಂದ ಎತ್ತುವಾಗ ಜೆಲ್ ಒದ್ದೆ ಬಟ್ಟೆಯಂತೆ ಮಗುಚಿಕೊಂಡಿತ್ತು; ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಗಾದರೆ ಗೊತ್ತಾಗಲೆಂದೇ ಮೊದಲೇ ಒಂದು ಮೂಲೆ ಕತ್ತರಿಸಿಡುವುದು ರೂಢಿ. ಇವತ್ತು ಅವಸರದಲ್ಲಿ ಬಿಟ್ಟಿದ್ದಳು. ಜೀನ್ ಹೊತ್ತವಳು ಕಿವಿಗೆ ತೂತೇ ಇಲ್ಲದ ಕೊನೆಯ ಮರಿ.

ಫೋನ್ ಮಾಡಿದಳು. ಎತ್ತಲಿಲ್ಲ. ಮೆಟ್ಟಿಲು ದಡದಡ ಇಳಿದು ಓಡಿದಳು. ಇಲಿಮನೆಗೆ ಎರಡು ಬಾಗಿಲು. ಮೊದಲಿನದು ಪೂರ್ತಿ ಮುಚ್ಚದೆ ಎರಡನೆಯದು ತೆರೆಯದು. ನಡುವೆ ನಿಂತು ನಿಲುವಂಗಿ ತೊಡಬೇಕು, ಕಾಲಿಗೆ ಚೀಲ ಏರಿಸಬೇಕು. ಲಾಡಿ ಕೈಗೆ ಸಿಗಲೊಲ್ಲದು. ದೇವರೇ, ಅಣ್ಣನ ಕೈಯನ್ನ ಒಂದು ಗಳಿಗೆ ಹಿಡಿದುಕೋ.

ತೆಗೆಯಲು ಹೇಳಿದ್ದ ಮೂರೂ ಮರಿಗಳು ಪಾರದರ್ಶಕ ಪೆಟ್ಟಿಗೆಯಲ್ಲಿದ್ದವು. ಮುಚ್ಚಳ ಹಾಕಿತ್ತು. ಅಣ್ಣನ ಕೈ ಉಸಿರು ನಿಲ್ಲಿಸುವ ಅನಿಲದ ನಲ್ಲಿಯ ಮೇಲಿತ್ತು.

"ಬೇಡಾ!"

"ಕೂಗ್ಬೇಡಮ್ಮಾ, ಹೆದರ್ಕೊಳ್ತವೆ. ಹೊಸ ಜಾಗ, ಒಂದಿಷ್ಟು ಮೂಸಿ ನೋಡ್ಲಿ ಅಂತ ಬಿಟ್ಟಿದ್ದೆ." ಪಂಜರದ ಹೊಟ್ಟನ್ನೇ ಒಂದು ಹಿಡಿ ಒಳಗೆ ಹಾಕಿದ್ದರು. ಅದು ಅವರ ಪದ್ಧತಿ.

"ಜೆಲ್ ಮಗುಚಿತ್ತು ಅಣ್ಣ. ನಾನು ತಪ್ಪು ಹೇಳ್ಬಿಟ್ಟೆ. ತೂತಿಲ್ಲದವಳೇ ಇರ್ಬೇಕು."

"ಇರ್ಬೇಕು ಅಂದ್ರೆ? ಯಮನ ಕಚೇರೀಲಿ ತಿದ್ದುಪಡಿ ಬೇರೆ ಇರುತ್ತಾ?"

"ಇನ್ನೊಂದ್ಸಲ ನೋಡೋವರೆಗೂ ನಾಲ್ಕೂ ಇರ್ಲಿ."

"ಪಕ್ಕದ ಕೋಣೆಯವ್ರಿಗೆ ಏನ್ ಹೇಳ್ಲಿ?"

"ಬಾಲದಕ್ಕನಿಗೆ ತಲೆ ಕೆಟ್ಟಿದೆ ಅನ್ನಿ."

"ಹೊಸದೇನಾದ್ರೂ ಹೇಳಮ್ಮಾ" ಎನ್ನುತ್ತ ಮುಚ್ಚಳ ತೆಗೆದರು.

ಸಂಶೋಧನೆ ನಡೆಸುವ ಡಾಕ್ಟರಮ್ಮನಿಗೂ ನಡೆದದ್ದನ್ನು ಹೇಳಿ, ಬಾಲದಕ್ಕ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಮೂಲೆ ಕತ್ತರಿಸಿದ ಮೇಲೆಯೇ ಮಾದರಿ ಹಾಕಿದ್ದು. ಜೆಲ್ ಓಡಿ ಮುಗಿಯುವವರೆಗೂ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಈ ಸಲ ಯಾವ ಸಾಲಿನಲ್ಲೂ ಜೋಡಿ ಗೆರೆ ಇಲ್ಲದಿದ್ದರೆ?

ನೀರಿನ ಸಾಲು ತನ್ನ ಜಾಗದಲ್ಲಿ ಖಾಲಿಯಾಗಿತ್ತು. ಅದರ ಪಕ್ಕದಲ್ಲಿ, ತೂತಿಲ್ಲದವಳ ಸಾಲಿನಲ್ಲಿ, ಎರಡು ಗೆರೆ. ಮಿಕ್ಕವಕ್ಕೆ ಒಂದೊಂದೇ; ಬಲಗಿವಿಯವಳಿಗೂ.

ಫೋನ್ ಎತ್ತಿಕೊಂಡವಳು ಕೆಳಗಿಟ್ಟಳು. ಇಷ್ಟು ವರ್ಷ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಕುಳಿತಲ್ಲಿಂದಲೇ ಹೇಳಿದ್ದಳು. ಎರಡು ಬಾಗಿಲು ದಾಟಿ ತಾನೇ ಹೋದಳು.

"ಯಾಕಮ್ಮಾ ಬಂದೆ? ಫೋನ್ ಸಾಕಿತ್ತಲ್ಲ" ಅಂದರು ಅಣ್ಣ.

"ಇರ್ಲಿ ಅಣ್ಣ."

ತೂತಿಲ್ಲದವಳನ್ನು ಬೇರೆ ಪಂಜರಕ್ಕೆ ಬಿಟ್ಟಳು. ಪೆಟ್ಟಿಗೆಗೆ ಬಿಟ್ಟ ಉಳಿದ ಮೂರು ಹೊಟ್ಟು ಮೂಸಿ ಸುಮ್ಮನಾಗುವವರೆಗೆ ಇಬ್ಬರೂ ಕಾದರು. ಅಣ್ಣ ನಲ್ಲಿ ತಿರುಗಿಸಿದಾಗ ಅವಳು ಮುಖ ತಿರುಗಿಸಲಿಲ್ಲ.