ಮಾವನವರ ಕೊನೆಯ ರೀಲು

ಮೊದಲ ಫಿಲ್ಮ್ ರೀಲನ್ನು ತೊಳೆಯುವ ಡಬ್ಬಿಯಿಂದ ಹೊರಗೆ ತೆಗೆದಾಗ ಅದರಲ್ಲಿ ಏನೂ ಇರಲಿಲ್ಲ. ಬರೀ ಪ್ಲಾಸ್ಟಿಕ್ ಪಟ್ಟಿ.

ಚಿತ್ರ ಮೂಡಿಸುವ ಡೆವಲಪರ್ ಮೊದಲು, ಅದನ್ನು ಉಳಿಸುವ ಫಿಕ್ಸರ್ ಆಮೇಲೆ. ನಾನು ಎರಡನ್ನೂ ಒಂದೇ ಥರದ ಬಾಟಲಿಗೆ ತುಂಬಿ, ಹೆಸರು ಬರೆಯದೆ, ಉಲ್ಟಾ ಸುರಿದಿದ್ದೆ. ಮೂಡುವ ಮೊದಲೇ ಚಿತ್ರ ಅಳಿಸಿಹೋಗಿತ್ತು.

ಪುಣ್ಯಕ್ಕೆ ಅದು ಎರವಲು ಕ್ಯಾಮೆರಾದಲ್ಲಿ ತೆಗೆದ ಪ್ರಾಕ್ಟೀಸ್ ರೀಲು. ಬೈಲಹೊಂಗಲದ ನಮ್ಮ ಮನೆ ಬಾಗಿಲು, ಹಿತ್ತಲು, ಎಮ್ಮೆ, ಅಷ್ಟೇ. ನಿಜವಾದ ರೀಲು ಇನ್ನೂ ಮಾವನವರ ಕ್ಯಾಮೆರಾದಲ್ಲೇ ಇತ್ತು.

ಮಾವ ಕಟಕೋಳದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಕೊನೆಯವರೆಗೂ ಕಪ್ಪು-ಬಿಳುಪು ಫಿಲ್ಮೇ, ಅದೂ ಮನೆಯಲ್ಲೇ ತೊಳೆಯುವುದು. ಊರವರ ಫೋಟೋ ಎಲ್ಲ ತೆಗೆದರು, ತಮ್ಮದೊಂದು ತೆಗೆಸಿಕೊಳ್ಳಲಿಲ್ಲ.

ಅವರು ಹೋದಾಗ ವೋಟರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೆವು. ಅತ್ತೆ ಅದರ ಕಡೆ ನೋಡುತ್ತಲೇ ಇರಲಿಲ್ಲ. "ಯಾರೋ ತಲಾಠಿ ಕಚೇರ್ಯಾಗ ಕುಂತಂಗ ಐತಿ, ಇವರಲ್ಲ" ಎನ್ನುತ್ತಿದ್ದರು.

ಆದರೆ ನನಗೊಂದು ನೆನಪಿತ್ತು.

ನಾನು ಸೊಸೆಯಾಗಿ ಬಂದ ಎರಡನೇ ವರ್ಷ ಎಲ್ಲರೂ ಸಿರಸಂಗಿ ಕಾಳಮ್ಮನ ಗುಡಿಗೆ ಹೋಗಿದ್ದೆವು. ಮಾವ ಕ್ಯಾಮೆರಾ ನನ್ನ ಕೈಗಿಟ್ಟು, ಕಟ್ಟೆಯ ಮೇಲೆ ಕುಳಿತು, "ನಂದೊಂದು ಹೊಡಿಯವಾ" ಎಂದರು. ಒಂದೇ ಒಂದು. ಅದೇ ತಿಂಗಳು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ರೀಲು ಹಾಗೇ ಉಳಿಯಿತು.

ಎಷ್ಟು ಸಲ ಕರೆದಿದ್ದರು, "ಬಾರವಾ, ರೀಲ್ ತೊಳಿಯೂದು ಕಲಸ್ತೇನಿ" ಅಂತ. "ರೊಟ್ಟಿ ಆಗಲಿ ತಡೀರಿ" ಎನ್ನುತ್ತಿದ್ದೆ. ಆ ರೊಟ್ಟಿ ಮುಗಿಯಲೇ ಇಲ್ಲ...

ಈಗ, ಹದಿನೆಂಟು ವರ್ಷದ ಮೇಲೆ, ಮೊಬೈಲ್ ನೋಡಿ ಕಲಿಯುತ್ತಿದ್ದೇನೆ. ಪಕ್ಕದಲ್ಲಿ ಅವರು ನಿಂತು ಬಯ್ಯುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಇನ್ನೊಂದು ತಾಪತ್ರಯ ನಮ್ಮ ಬಿಸಿಲು. ಡೆವಲಪರ್ ಇಪ್ಪತ್ತು ಡಿಗ್ರಿ ಇರಬೇಕಂತೆ. ನಮ್ಮ ಟ್ಯಾಂಕಿನ ನೀರಿಗೆ ಚಹಾಪುಡಿ ಹಾಕಿದರೆ ಚಹಾನೇ ಆಗುತ್ತದೆ!

ದಾರಿ ತೋರಿಸಿದ್ದು ಅತ್ತೆಯೇ. "ಅವರು ಬಾಟಲಿ ಒಯ್ದು ಹರವ್ಯಾಗ ಇಡತಿದ್ರು. ಆ ದಿನ ನಮಗ ಕುಡ್ಯಾಕ ನೀರಿಲ್ಲ." ಹಸಿ ಬಟ್ಟೆ ಸುತ್ತಿದ ಮಣ್ಣಿನ ಹರವಿಯಲ್ಲಿ ಬಾಟಲಿ ಇಟ್ಟೆ, ಥರ್ಮಾಮೀಟರ್ ಇಳಿಯಿತು. ಎರಡನೇ ಪ್ರಾಕ್ಟೀಸ್ ರೀಲಿನಲ್ಲಿ ಎಮ್ಮೆ ಮೂಡಿತು. ಎಮ್ಮೆ ಫೋಟೋ ನೋಡಿ ಕಣ್ಣೀರು ಹಾಕಿದವಳು ನಾನೊಬ್ಬಳೇ ಇರಬೇಕು.

ಮೊನ್ನೆ ಭಾನುವಾರ ಮಧ್ಯಾಹ್ನ ಮಾವನವರ ರೀಲಿನ ಸರದಿ. ಕಿಟಕಿ ಇಲ್ಲದ ಕಾಳಿನ ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಮೇಲೆ ಎರಡು ಕೌದಿ ಹೊದ್ದು, ಕತ್ತಲಲ್ಲಿ ಕೈಯಿಂದಲೇ ತಡಕಾಡಿ ಫಿಲ್ಮನ್ನು ಡಬ್ಬಿಯೊಳಗೆ ಸೇರಿಸಿದೆ. ಅತ್ತೆ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು, ಯಾರೂ ತೆರೆದು ಫಿಲ್ಮಿಗೆ ಬೆಳಕು ತಾಗಿಸಬಾರದೆಂದು.

ಡೆವಲಪರ್ ಬಾಟಲಿಗೆ ಈ ಸಲ ಕುಂಕುಮದ ಬೊಟ್ಟು ಇಟ್ಟಿದ್ದೆ.

ತೊಳೆದು ಬೆಳಕಿಗೆ ಹಿಡಿದೆ. ಹಳೇ ಫಿಲ್ಮು, ಎಲ್ಲ ಮಂಜು ಮಂಜು. ಕೊನೆಯ ಚಿತ್ರಕ್ಕೆ ಬರುತ್ತೇನೆ... ಕಟ್ಟೆ ಇದೆ, ಮಾವ ಇದ್ದಾರೆ, ನಗುತ್ತಿದ್ದಾರೆ. ಆದರೆ ಅರ್ಧ ಮುಖದ ಮೇಲೆ ಒಂದು ಮಬ್ಬು ಪಟ್ಟಿ.

ನನ್ನ ಸೆರಗು.

ಮಾವನವರ ಎದುರು ತಲೆ ಮೇಲಿನ ಸೆರಗು ಜಾರಬಾರದೆಂದು ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದಿದ್ದೆ. ಅದರ ಅಂಚು ಲೆನ್ಸಿನ ಮುಂದೆ ಬಂದದ್ದು ಗೊತ್ತೇ ಆಗಿರಲಿಲ್ಲ. ಮರ್ಯಾದೆ ಕೊಡಲು ಹೋಗಿ ಅವರ ಮುಖವನ್ನೇ ಮುಚ್ಚಿಬಿಟ್ಟಿದ್ದೆ. ಹಸಿ ಫಿಲ್ಮು ಕೈಯಲ್ಲಿ ಹಿಡಿದೇ ಅತ್ತುಬಿಟ್ಟೆ.

ಅತ್ತೆಯವರು ಅದನ್ನು ಇಸಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಕಣ್ಣು ಕಿರಿದು ಮಾಡಿ ಹತ್ತಿರ ತಂದು ನೋಡಿದರು. ಆಮೇಲೆ ಮೆಲ್ಲಗೆ, "ಕರೀ ಕೂದಲಾ... ನಮ್ಮ ಲಗ್ನದಾಗ ಹಿಂಗ ಇದ್ದರು ನೋಡವಾ."

ನೆಗೆಟಿವ್‌ನಲ್ಲಿ ಬಿಳಿ ಕೂದಲು ಕಪ್ಪಾಗಿ ಕಾಣುತ್ತದೆ, ಮೊಬೈಲ್‌ನಲ್ಲಿ ಕಪ್ಪು-ಬಿಳುಪು ತಿರುವಿ ಸರಿಯಾದ ಫೋಟೋ ತೋರಿಸುತ್ತೇನೆ ಎಂದೆ.

ಅತ್ತೆ ಫಿಲ್ಮನ್ನು ನನ್ನ ಕೈಗೆ ಕೊಡಲಿಲ್ಲ. "ತಿರುವಬ್ಯಾಡವಾ. ತಿರುವಿದ್ರ ಮತ್ತ ಮುದುಕರಾಗಿ ಹೋಗಿಬಿಡತಾರ."

ವೋಟರ್ ಕಾರ್ಡಿನ ಮಾವ ಈಗ ಗೋಡೆಯಿಂದ ಇಳಿದಿದ್ದಾರೆ. ನೆಗೆಟಿವ್ ಅಡುಗೆಮನೆಯ ಕಿಟಕಿ ಗಾಜಿನ ಮೇಲಿದೆ. ರೊಟ್ಟಿ ಬಡಿಯುತ್ತಾ ದಿನವೂ ನೋಡುತ್ತೇನೆ, ಮೊಬೈಲ್ ಪಕ್ಕದಲ್ಲೇ ಇರುತ್ತದೆ.

ನೀವಾಗಿದ್ದರೆ ತಿರುವಿ ನೋಡುತ್ತಿದ್ದಿರಾ?