ಎರಡು ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಗಾದೆಯನ್ನು ಸಾಕಮ್ಮ ನಂಜನಗೂಡಿನ ಅರ್ಧ ಊರಿಗೆ ಹೇಳಿಕೊಂಡು ಬಂದವಳು. ಜಗುಲಿಯ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಅವಳು, ಬಸುರಿಯರು ಬಟ್ಟೆ ಹಿಡಿದು ಬಂದರೆ "ಮೊದ್ಲು ತಿಂಗ್ಳು ತುಂಬ್ಲಿ ಹೋಗವ್ವ" ಎಂದು ವಾಪಸು ಅಟ್ಟುತ್ತಿದ್ದಳು. ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊಸ್ತಿಲು ದಾಟಬಾರದು ಎನ್ನುವುದೂ ಅವಳದೇ ಕಟ್ಟಳೆ. ಮಗಳು ಸುಪ್ರಿಯಾ ತಾಯಿಯ ಮಾತುಗಳಲ್ಲಿ ಮುಕ್ಕಾಲು ಪಾಲು ಮರೆತಿದ್ದರೂ ಇದೊಂದನ್ನು ಮಾತ್ರ ಜೋಪಾನವಾಗಿ ಅಮೆರಿಕಕ್ಕೆ ಹೊತ್ತು ತಂದಿದ್ದಳು.

ಹಾಗಾಗಿ ಹೋದ ವರ್ಷ ಆದದ್ದು ಯಾರಿಗೂ ತಿಳಿಯಲಿಲ್ಲ. ಆಗ ಒಂದೇ ಒಂದು ರಕ್ತಪರೀಕ್ಷೆ ಆಗಿತ್ತು. ನರ್ಸು ಪಾಸಿಟಿವ್ ಎಂದಳು, ಗಂಡ ಗುರುಪ್ರಸಾದ್ ಸಂಭ್ರಮದಲ್ಲಿ ಕೇಸರಿಬಾತ್ ಮಾಡಿ ತಳ ಹಿಡಿಸಿದ, ವಾರ ಕಳೆಯುವುದರೊಳಗೆ ಎಲ್ಲ ಮುಗಿದುಹೋಯಿತು. ಬಂದಿತ್ತೆಂದೇ ಹೇಳದಿದ್ದವರು ಹೋಯಿತೆಂದು ಹೇಗೆ ಹೇಳುವುದು? ಸುಪ್ರಿಯಾ ಜ್ವರವೆಂದು ರಜೆ ಹಾಕಿದಳು. ಆಮೇಲೆ ಫ್ಯಾಕ್ಟೋರಿಯಾ ಎಂಬ ಬಡಾವಣೆಯಲ್ಲಿದ್ದ ಆಫೀಸಿಗೆ ಹೋಗಿ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ತನ್ನ ಕೆಲಸಕ್ಕೆ ಕೂತಳು. ಭಾನುವಾರ ಫೋನಿನಲ್ಲಿ ಅಮ್ಮ "ದನಿ ಯಾಕವ್ವ ಕುಗ್ಗೋಗದೆ" ಎಂದಾಗ "ಇಲ್ಲಿ ಚಳಿ ಕಣಮ್ಮ" ಅಂದಳು. ಕಟ್ಟಳೆ ಮಾಡಿದವರು ಸಂತೋಷಕ್ಕೆ ದೃಷ್ಟಿ ತಾಗದಿರಲಿ ಅಂತ ಮಾಡಿದರೇ ಹೊರತು, ದುಃಖವನ್ನು ಎಲ್ಲಿ ಇಳಿಸಬೇಕು ಅಂತ ಯೋಚನೆ ಮಾಡಲಿಲ್ಲ. ಅಂದಿನಿಂದ ಸುಪ್ರಿಯಾಳ ಮೈ ಹೊಕ್ಕ ಆಯಾಸ ಎಷ್ಟು ನಿದ್ದೆ ಮಾಡಿದರೂ ಹೋಗಲಿಲ್ಲ.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಮತ್ತೆ ಮುಟ್ಟು ನಿಂತಾಗ ಅವಳಿಗೆ ವಯಸ್ಸು ಮೂವತ್ತನಾಲ್ಕು. ಹಿಂದಿನದು ನಿಲ್ಲಲಿಲ್ಲವೆಂದು ಡಾಕ್ಟರು ಈ ಸಲ ಶನಿವಾರ ಒಮ್ಮೆ, ಸೋಮವಾರ ಒಮ್ಮೆ ರಕ್ತ ಕೊಡಲು ಹೇಳಿದರು. ಗರ್ಭ ಕಟ್ಟಿದ ಮೇಲೆ ರಕ್ತದಲ್ಲಿ ಕಾಣಿಸಿಕೊಳ್ಳುವ ಹಾರ್ಮೋನನ್ನು ಅಳೆಯುವ ಪರೀಕ್ಷೆ ಅದು. ಶನಿವಾರದ ಅಂಕಿ ಇನ್ನೂರ ಹನ್ನೆರಡು.

"ಒಳ್ಳೇದಾ, ಕೆಟ್ಟದ್ದಾ?" ಎಂದು ಗುರುಪ್ರಸಾದ್ ಕೇಳಿದ.

"ಒಂದೇ ನಂಬರ್ ನೋಡಿ ಏನೂ ಹೇಳೋಕಾಗಲ್ವಂತೆ ರೀ. ಒಬ್ಬೊಬ್ರಿಗೆ ಒಂದೊಂದು ಥರ ಇರುತ್ತೆ. ಎರಡು ದಿನದಲ್ಲಿ ಎಷ್ಟು ಏರುತ್ತೆ ಅನ್ನೋದೇ ಮುಖ್ಯ. ಹೆಚ್ಚುಕಡಿಮೆ ಡಬಲ್ ಆದ್ರೆ ಚೆನ್ನಾಗಿ ಬೆಳೀತಿದೆ ಅಂತ. ಕೊನೇಪಕ್ಷ ಅರ್ಧದಷ್ಟಾದ್ರೂ ಜಾಸ್ತಿ ಆಗ್ಬೇಕು."

ಗುರುಪ್ರಸಾದನ ತಲೆಯಲ್ಲಿ ಉಳಿದದ್ದು ಡಬಲ್ ಒಂದೇ. ಅವನು ಒಳ್ಳೆಯವನು, ಆದರೆ ಅವನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಭಾನುವಾರ ಸುಪ್ರಿಯಾ ಮಲಗಿದ್ದಾಗ ಕಾಲಿಂಗ್ ಕಾರ್ಡಿನಲ್ಲಿ ಅತ್ತೆಗೆ ಫೋನು ಮಾಡಿದವನು, ಕುಶಲ ಕೇಳಿ ಮುಗಿಯುವ ಮೊದಲೇ ಗುಟ್ಟು ಬಿಟ್ಟುಕೊಟ್ಟ. ಲೈನಿನಲ್ಲಿ ಆಡಿದ ಮಾತೇ ತಿರುಗಿ ಕೇಳಿಸುತ್ತಿತ್ತು.

"ಡಬಲ್ ಆಗ್ಬೇಕು ಅತ್ತೆ. ಡಾಕ್ಟ್ರು ಅದನ್ನೇ ನೋಡ್ತಿದಾರೆ."

"ಡಬಲ್ಲಾ?"

"ಹೂಂ ಅತ್ತೆ. ಡಬಲ್ ಆದ್ರೆ ಏನೂ ಭಯ ಇಲ್ಲ."

"ನಮ್ಮ ವಂಸದಲ್ಲಿ ಅದೆ ಅಳಿಯಂದ್ರೇ. ನಮ್ಮವ್ವನ ತಂಗೀಗೂ ಹಂಗೇ ಆಗಿತ್ತು," ಎಂದು ಸಾಕಮ್ಮ ಹಿಗ್ಗಿದಳು. ಅತ್ತೆಗೆ ಹಾರ್ಮೋನಿನ ವಿಷಯ ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ಗುರುಪ್ರಸಾದನಿಗೆ ಹೆಮ್ಮೆಯಾಯಿತು.

ಸೋಮವಾರ ಸುಪ್ರಿಯಾ ಮತ್ತೆ ತೋಳು ಚಾಚಿದಳು. ಸಂಜೆ ನರ್ಸು ಫೋನು ಮಾಡಿ ಇನ್ನೂರ ಎಪ್ಪತ್ತನಾಲ್ಕು ಎಂದಳು. ಏರಿದೆ, ಆದರೆ ನಾವು ನೋಡಬೇಕೆಂದಿದ್ದಷ್ಟು ಏರಿಲ್ಲ ಎಂದಳು. ನಿಧಾನಕ್ಕೆ ಏರಿಯೂ ಉಳಿದವು ಇವೆ, ಇದನ್ನೇ ತೀರ್ಪು ಅಂದುಕೊಳ್ಳಬೇಡ, ಬುಧವಾರ ಇನ್ನೊಮ್ಮೆ ಬಾ, ಅಷ್ಟರಲ್ಲಿ ಹೊಟ್ಟೆಯ ಒಂದು ಪಕ್ಕ ಜೋರು ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗು ಎಂದಳು. ಮೆದುವಾದ ದನಿ ಅವಳದು. ಆ ಮೆದುತನವೇ ಸುಪ್ರಿಯಾಳಿಗೆ ಹೆದರಿಕೆ ಹುಟ್ಟಿಸಿತು.

"ಜಾಸ್ತಿ ಆಗಿದೆ ಅಲ್ವಾ? ಕಮ್ಮಿ ಅಂತೂ ಆಗಿಲ್ವಲ್ಲ," ಎಂದ ಗುರುಪ್ರಸಾದ್.

ಜಾಸ್ತಿಯಾದರೂ ಸಾಲದು ಎನ್ನುವುದನ್ನು ಮತ್ತೊಮ್ಮೆ ಬಿಡಿಸಿ ಹೇಳುವ ಶಕ್ತಿ ಅವಳಲ್ಲಿರಲಿಲ್ಲ. ಅನ್ನಕ್ಕೆ ಕುಕ್ಕರ್ ಇಟ್ಟಳು. ಈಸ್ಟ್‌ಗೇಟಿನ ಆ ಅಪಾರ್ಟ್‌ಮೆಂಟಿನಲ್ಲಿ ಕಿಟಕಿ ಮುಚ್ಚಿದರೂ ಹೈವೇ ಸದ್ದು ನಿಲ್ಲುತ್ತಿರಲಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ, ಅನ್ನ ಮುದ್ದೆಯಾಯಿತು.

ಭಾನುವಾರ ಅತ್ತೆಗೆ ಹೇಳಿಬಿಟ್ಟದ್ದನ್ನು ಆ ರಾತ್ರಿ ಗುರುಪ್ರಸಾದ್ ಒಪ್ಪಿಕೊಂಡ. ಅಮ್ಮನಿಗೆ ಹೇಗೂ ಗೊತ್ತಾಗಿದೆ, ಏರಿಕೆ ನಿಧಾನವಾಗಿದೆ ಎನ್ನುವುದನ್ನೂ ಹೇಳಿಬಿಡೋಣ ಎಂದು ಮಂಗಳವಾರ ಬೆಳಿಗ್ಗೆ ಅವಳೇ ಊರಿಗೆ ಫೋನು ಮಾಡಿದಳು. ಸಾಕಮ್ಮ ಮಾತಿಗೆ ಎಡೆಯನ್ನೇ ಕೊಡಲಿಲ್ಲ.

"ಎರಡೂ ಮುಗುದ್ವು ಕಣ್ ಮಗ. ನನ್ನ ಹಳೇ ವಾಯಿಲ್ ಸೀರೆ ಇತ್ತಲ್ಲ, ಅದ್ರಲ್ಲೇ ಹೊಲ್ದೆ. ಮೆತ್ಗಿರ್ತದೆ."

"ಏನಮ್ಮ ಎರಡು?"

"ಕುಲಾವಿ ಕಣವ್ವ. ಒಂದ್ಕೆ ಕೆಂಪು ದಾರ, ಇನ್ನೊಂದ್ಕೆ ಹಸಿರು. ಇಲ್ದಿದ್ರೆ ಯಾವ್ದು ಯಾರ್ದು ಅಂತ ಗೊತ್ತಾಗಾಕಿಲ್ಲ. ಅಳಿಯಂದ್ರು ಡಬಲ್ ಅಂದ್ರಲ್ಲ."

ಸುಪ್ರಿಯಾ ಗೋಡೆಗೆ ಒರಗಿದಳು. ಜೀವಮಾನವಿಡೀ ಊರಿನ ಬಸುರಿಯರನ್ನು ವಾಪಸು ಅಟ್ಟಿದವಳು ತನ್ನ ಮಗಳ ವಿಷಯಕ್ಕೆ ಬಂದಾಗ ಗಾದೆಯನ್ನು ಗಾಳಿಗೆ ತೂರಿ ಮಿಷನ್ನು ತುಳಿದಿದ್ದಳು. ಅಮ್ಮನ ದನಿ ಅಷ್ಟು ಎಳೆಯದಾಗಿದ್ದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ನಗು ಬಂತು, ಫೋನನ್ನು ಬಾಯಿಂದ ದೂರ ಹಿಡಿದಳು. ಅವಳಿ ಅಲ್ಲಮ್ಮ, ಡಬಲ್ ಅಂದರೆ ಬೇರೆ, ಅದೂ ಆಗಿಲ್ಲ ಎಂದು ಹೇಳಲು ಮೂರು ಮಾತು ಸಾಕಿತ್ತು. ನಾಳೆ ಮೂರನೆಯ ರಿಪೋರ್ಟು ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು "ಆಯ್ತಮ್ಮ" ಅಂದಳು.

ಬುಧವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಫೋನು ಬಂತು. ಅವಳು ಖಾಲಿ ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಕಿ ನೂರ ತೊಂಬತ್ತಕ್ಕೆ ಇಳಿದಿತ್ತು. ಇಷ್ಟು ಮುಂಚೆ ಇಳಿಯಲು ಶುರುವಾದರೆ ಇನ್ನು ಬೆಳೆಯುವುದಿಲ್ಲ, ನಿನ್ನಿಂದ ಆದ ತಪ್ಪು ಏನೂ ಇಲ್ಲ ಎಂದಳು ನರ್ಸು. ಅದು ಸೊನ್ನೆಗೆ ಬರುವ ತನಕ ವಾರಕ್ಕೊಮ್ಮೆ ರಕ್ತ ಕೊಡಬೇಕಂತೆ. ಏರುವುದನ್ನು ಅಳೆದಂತೆಯೇ ಇಳಿಯುವುದನ್ನೂ ಅಳೆಯುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್ ಹೇಳಿ ಫೋನಿಟ್ಟು, ಸೀಟಿಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಟೆಸ್ಟು ಮುಗಿಸಿದಳು.

ಮರುದಿನ ಬೆಳಿಗ್ಗೆ ಗುರುಪ್ರಸಾದನಿಗೆ ಅಂದಳು, "ರೀ, ನನ್ನಿಂದಾಗಲ್ಲ. ಅಮ್ಮಂಗೆ ನೀವೇ ಹೇಳಿ."

ಅವನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಹೇಳಿದ. "ನಿಲ್ಲಲಿಲ್ಲ ಅತ್ತೆ," ಎನ್ನುವುದಷ್ಟೇ ಅವಳಿಗೆ ಕೇಳಿಸಿತು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಬಂದು ಫೋನನ್ನು ಅವಳ ಕೈಗಿಟ್ಟ.

ಸಾಕಮ್ಮ ಕೇಳಿದಳು, "ಎರಡೂ ಹೋದ್ವಾ ಮಗ?"

ತಪ್ಪು ಹುಡುಕುವುದು, ತಿದ್ದಿಸುವುದು ಸುಪ್ರಿಯಾಳ ಕಸುಬು. ಇಲ್ಲಮ್ಮ, ಇದ್ದದ್ದು ಒಂದೇ ಎಂದು ಹೇಳಲು ಬಾಯಿ ತೆರೆದವಳಿಗೆ ಹೋದ ವರ್ಷದ್ದು ನೆನಪಾಯಿತು. ಚಳಿ ಎಂದು ಸುಳ್ಳು ಹೇಳಿ ಮುಚ್ಚಿಟ್ಟದ್ದು. ಅದಕ್ಕಾಗಿ ಯಾರೂ ಅತ್ತಿರಲಿಲ್ಲ, ಅವಳೂ ಅತ್ತಿರಲಿಲ್ಲ.

"ಹೂಂ ಕಣಮ್ಮ," ಅಂದಳು. "ಎರಡೂ."

ಆ ಕಡೆ ನಂಜನಗೂಡಿನಲ್ಲಿ ಸಾಕಮ್ಮ ಎರಡಕ್ಕೂ ಸೇರಿಸಿ ಅತ್ತಳು. ಸುಪ್ರಿಯಾ ಫೋನನ್ನು ಕಿವಿಗೆ ಒತ್ತಿಕೊಂಡು ನೆಲದ ಮೇಲೆ ಕೂತು, ಅಮ್ಮನ ಜೊತೆ ತಾನೂ ಅತ್ತಳು.