ಹೊಸ ಕಾರಿನ ಮೊದಲ ಆಯಿಲ್

ಕುಪ್ಪಣ್ಣನ ಮೇಲೆ ನನಗೆ ಸಿಟ್ಟಿದೆ. ಕಾರವಾರ ಬಂದರಿನಿಂದ ಬೇಲೆಕೇರಿಯ ತನಕ ಅವನಷ್ಟು ಎಂಜಿನ್ ಬಲ್ಲವರೂ ಇಲ್ಲ, ಅವನಷ್ಟು ಹಟಮಾರಿಗಳೂ ಇಲ್ಲ. ಮೂವತ್ತೈದು ವರ್ಷ ಮೀನಿನ ಬೋಟುಗಳ ಎಂಜಿನ್ ನೋಡಿಕೊಂಡವನು. ಹೊಸ ಎಂಜಿನ್ ಕೂರಿಸಿದರೆ ಐವತ್ತು ತಾಸು ಓಡಿಸಿ ಆಯಿಲ್ ಇಳಿಸಲೇಬೇಕು, ಬಿಳಿ ಬಟ್ಟೆಯಲ್ಲಿ ಸೋಸಿ ಲೋಹದ ಚೂರು ಹೊಳೆಯುತ್ತದೆಯೇ ಎಂದು ನೋಡಲೇಬೇಕು ಎಂಬುದು ಅವನ ಹಟ. ಒಮ್ಮೆ ಕಂಪನಿಯವರ ಮಾತು ನಂಬಿ ಹಾಗೇ ಬಿಟ್ಟದ್ದಕ್ಕೆ ನಡುಗಡಲಲ್ಲಿ ಎಂಜಿನ್ ಜಾಮಾಗಿ ಎರಡು ದಿನ ತೇಲಿದ್ದನಂತೆ.

ಮಗಳು ವಿನುತಾಳೂ ಎಂಜಿನ್ನಿನವಳೇ, ಸರಕು ಹಡಗಿನಲ್ಲಿ ಎಂಜಿನಿಯರ್. ಆರು ವರ್ಷ ದುಡಿದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡಳು. ಮೀಟರು ಸಾವಿರ ಕಿಲೋಮೀಟರ್ ದಾಟಿದ ದಿನ ಅಪ್ಪ, ಆಯಿಲ್ ಬದಲಿಸು ಎಂದ. ಮಗಳು ಕಾರಿನ ಪುಸ್ತಕ ತೆರೆದು, ಹತ್ತು ಸಾವಿರಕ್ಕೆ ಬದಲಿಸಿದರೆ ಸಾಕು, ಈಗಿನ ಎಂಜಿನ್ನುಗಳೇ ಬೇರೆ ಎಂದಳು. ಎರಡು ದಿನ ಇಬ್ಬರಿಗೂ ಮಾತಿಲ್ಲ. ಅವನ ಹೆಂಡತಿ ಚಂಪಾ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸಿ ಸುಸ್ತಾದಳು.

ಮೂರನೆಯ ದಿನ ಬೆಳಿಗ್ಗೆ ವಿನುತಾ ಗೆಳತಿಯ ಮನೆಗೆ ನಡೆದು ಹೋದದ್ದೇ ತಡ, ಕುಪ್ಪಣ್ಣ ಕಾರಿನಡಿ ನುಸುಳಿ ಆಯಿಲ್ ಇಳಿಸಿಬಿಟ್ಟ. ನನ್ನನ್ನು ಕರೆದದ್ದು ಆಮೇಲೆ. ತುಂಬಲು ತಂದಿಟ್ಟಿದ್ದು ಬೋಟಿನ ದಪ್ಪ ಆಯಿಲ್. ನಾನು ಅಂಕೋಲೆಯಲ್ಲಿ ಗ್ಯಾರೇಜ್ ಇಟ್ಟವನು. ಇದು ಈ ಕಾರಿಗೆ ನಡೆಯದು, ತೆಳ್ಳಗಿನದು ಬೇಕು ಎಂದೆ. ನನ್ನ ಬೈಕಿನಲ್ಲೇ ಅಂಕೋಲೆಗೆ ಹೊರಟೆವು.

ಹೊರಡುವ ಮುಂಚೆ ಅವನು ಆಯಿಲ್ ಒರೆಸಿದ ಬಟ್ಟೆಯನ್ನು ಕಾರಿನ ಕನ್ನಡಿಗೆ ಕಟ್ಟಿದ. ಬೋಟಿನಲ್ಲಿ ಆಯಿಲ್ ಇಳಿಸಿದವರು ಚುಕ್ಕಾಣಿಗೆ ಹಾಗೆ ಕಟ್ಟುತ್ತಾರೆ. ಅದನ್ನು ಕಂಡವರು ಎಂಜಿನ್ ಚಾಲೂ ಮಾಡುವುದಿಲ್ಲ; ಆಯಿಲಿಲ್ಲದೆ ಓಡಿದರೆ ನಿಮಿಷದಲ್ಲಿ ಎಂಜಿನ್ನಿನ ಒಳಭಾಗ ಸವೆದುಹೋಗುತ್ತದೆ. ವಿನುತಾಳಿಗೂ ಗೊತ್ತಿದ್ದ ಸಂಗತಿ. ಬೋಟು ಹತ್ತದ ಚಂಪಾಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೊಸ ಕಾರಿಗೆ ಇದೆಂಥ ಹೊಲಸು ಎಂದು, ನಾವು ಹೋದ ಮೇಲೆ, ಆಕೆ ಅದನ್ನು ಬಿಚ್ಚಿ ಒಗೆಯಲು ಹಾಕಿದಳು.

ತಿರುಗಿ ಬರುವಾಗ ಮನೆಯ ಓಣಿಯಲ್ಲಿ ಕಾರಿನ ಸದ್ದು ಕೇಳಿತು. ಕಾರು ಹೊರಟಿದೆ ಎಂದು ಕೂಗಿದೆ. ಬೈಕ್ ನಿಲ್ಲುವ ಮೊದಲೇ ಕುಪ್ಪಣ್ಣ ಹಾರಿ, ಬಿದ್ದು, ಎದ್ದು ಓಡಿದ. ಅಷ್ಟರಲ್ಲಿ ಸದ್ದು ನಿಂತಿತು. ಗೆಳತಿಯ ಮನೆಯಿಂದ ಬಂದು ಕಾರು ಹೊರಡಿಸಿದ್ದ ವಿನುತಾ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಕಂಡು ಗೇಟಿನ ಹತ್ತಿರವೇ ಎಂಜಿನ್ ಆರಿಸಿದ್ದಳು. ಅಪ್ಪನ ಕೈಯ ಕಪ್ಪು ನೋಡಿದಳು. ಎಲ್ಲ ಅರ್ಥವಾಯಿತು.

"ನಂಗೊಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು ಅಪ್ಪಾ?"

ಇಳಿಸಿದ ಆಯಿಲನ್ನು ಕುಪ್ಪಣ್ಣ ಬೆಳಿಗ್ಗೆಯೇ ಸೋಸಿ ನೋಡಿದ್ದ, ಒಂದು ಚೂರೂ ಹೊಳೆದಿರಲಿಲ್ಲ. ಮಗಳು ಹೇಳಿದ್ದೇ ಸರಿಯಿತ್ತು.

ನಾನು ಹೊಸ ಆಯಿಲ್ ತುಂಬಿದೆ. ವಿನುತಾ ಎಂಜಿನ್ ಚಾಲೂ ಮಾಡಿ ಕೆಳಗಿಳಿದಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಕೆಯನ್ನು ಕಿವಿಗೊತ್ತಿ ಕುಪ್ಪಣ್ಣ ಬಹಳ ಹೊತ್ತು ಬಗ್ಗಿ ನಿಂತ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಚಂಪಾ ಬಾಗಿಲಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಕೊನೆಗೆ ಅವನು ಸ್ಕ್ರೂಡ್ರೈವರನ್ನು ಮಗಳ ಕೈಗಿಟ್ಟ.

"ನಂಗೆ ಕೇಳೂದಿಲ್ಲ ಮಗಾ. ಎಂಜಿನ್ನಿನ ಸಣ್ಣ ಸದ್ದು ಕೇಳದೆ ಐದು ವರ್ಷ ಆಯ್ತು. ಯಾರಿಗೂ ಹೇಳ್ಲಿಲ್ಲ. ನೀನೇ ಕೇಳಿ ಹೇಳು."

ಐದು ವರ್ಷ ಊರಿನ ಬೋಟುಗಳನ್ನು ಬರೀ ಅಂಗೈ ಇಟ್ಟು, ನಡುಕ ನೋಡಿ ರಿಪೇರಿ ಮಾಡಿದ್ದ ಪುಣ್ಯಾತ್ಮ.

ವಿನುತಾ ಬಗ್ಗಿ ಕಿವಿಗೊಟ್ಟಳು. ನನಗೆ ಸ್ಕ್ರೂಡ್ರೈವರೂ ಬೇಕಿರಲಿಲ್ಲ. ಒಳಗೆಲ್ಲೋ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು, ಬೆಳಿಗ್ಗೆಯ ತನಕ ಆ ಕಾರಿನಲ್ಲಿ ಇರದಿದ್ದ ಸದ್ದು. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ಎಂತದೂ ಇಲ್ಲ ಅಪ್ಪಾ. ಚಲೋ ಅದೆ."

ಕುಪ್ಪಣ್ಣ ಅವಳ ಮಾತು ನಂಬದೆ ನನ್ನ ಕಡೆ ತಿರುಗಿದ.

"ಹೌದು ಕುಪ್ಪಣ್ಣ," ಎಂದೆ. "ನಾನೂ ಕೇಳ್ದೆ."